ಎಳೆದರೆ ಬಿಚ್ಚುವ ಗಂಟು

ಮೂರನೆಯ ಕಿವಿಗೆ ಬರುವಷ್ಟರಲ್ಲಿ ಕತ್ತರಿ ಮೊಂಡಾಗಿತ್ತು. ಛತ್ರಿ ಅದನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಾಕಿದ. ನೀರಲ್ಲಿ ನೆಂದ ಕಿವಿ ಹಳೇ ಚಪ್ಪಲಿಯ ಅಟ್ಟೆಯ ಹಾಗೆ ಕೈಯಿಂದ ಜಾರುತ್ತಿತ್ತು. ಅದಕ್ಕೆ ಚುಚ್ಚಿದ್ದ ಹಳದಿ ಬಿಲ್ಲೆ ಮಾತ್ರ ಈಗಷ್ಟೇ ಅಂಗಡಿಯಿಂದ ತಂದ ಹಾಗೆ ಹೊಳೆಯುತ್ತಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಕರವಸ್ತ್ರ ಹಿಡಿದು ನಿಂತಿದ್ದ ದನದ ಡಾಕ್ಟರು ಮೂಗಿನಲ್ಲೇ ಮಾತಾಡುತ್ತಾ, ಬರೀ ಬಿಲ್ಲೆ ಕಿತ್ತರೆ ವಿಮೆಯವರು ಒಪ್ಪುವುದಿಲ್ಲ, ಕಿವಿಯ ಚೂರೂ ಅಂಟಿಕೊಂಡಿರಬೇಕು ಅಂದರು. ಛತ್ರಿ ಹೂಂ ಅಂದ. ಸತ್ತ ಹಸುವಿನ ಕಣ್ಣು ಅರೆ ತೆರೆದಿತ್ತು. ಅವನು ಅದರ ಕಿವಿಯನ್ನಷ್ಟೇ ನೋಡಿಕೊಂಡು ಕೆಲಸ ಮಾಡಿದ.

ಐದನೆಯ ಹಸು ಗೊಣಗಿ. ಅದರ ಬಿಲ್ಲೆ ಕತ್ತರಿಸುವಾಗ ಹಿಂದೆ ಕೆಸರು ಪಚಕ್ ಪಚಕ್ ಎಂದಿತು. ಅಕ್ಕ ಬಂದಿದ್ದಳು. ಗುಡ್ಡದ ಮೇಲಿನ ಮನೆಯಿಂದ ಇಳಿದು ಬಂದು, ಚಪ್ಪಲಿ ಹೊರಗೆ ಬಿಟ್ಟು, ಮೊಣಕಾಲುದ್ದ ಕೆಸರಲ್ಲಿ ನಡೆದುಕೊಂಡು ಬಂದಳು. ತಮ್ಮನನ್ನೂ ನೋಡಲಿಲ್ಲ, ಡಾಕ್ಟರನ್ನೂ ನೋಡಲಿಲ್ಲ. ಗೋದಲಿಯ ಮೇಲಿನ ಅಡ್ಡಗಂಬಕ್ಕೆ ಬಗ್ಗಿ, ಕೆಸರಲ್ಲಿ ಕೈ ಹಾಕಿ ಗೊಣಗಿಯ ಹಗ್ಗದ ತುದಿ ಹುಡುಕಿ, ಒಮ್ಮೆ ಎಳೆದಳು. ಗಂಟು ಬಿಚ್ಚಿತು. ಪಕ್ಕದ ಹಸುವಿನದು ಎಳೆದಳು, ಅದೂ ಬಿಚ್ಚಿತು. ಹೀಗೇ ಐದೂ ಗಂಟು. ನೀರು ಕುಡಿದು ಊದಿಕೊಂಡ ಹಗ್ಗಗಳು, ಆದರೂ ಒಂದೊಂದೂ ಒಂದೇ ಎಳೆತಕ್ಕೆ ಸಡಿಲಾಗಿ ಕೆಳಗೆ ಬಿದ್ದವು.

ಈಗ ಬಿಚ್ಚಿ ಏನಮ್ಮಾ ಪ್ರಯೋಜನ ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಅಕ್ಕ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದ ದಾರಿಯಲ್ಲೇ ಹೊರಟುಹೋದಳು. ದುಃಖಕ್ಕೆ ಹೀಗೆಲ್ಲಾ ಆಡುತ್ತಾರೆ ಅಂದುಕೊಂಡು ಡಾಕ್ಟರು ತಲೆಯಾಡಿಸಿದರು. ಛತ್ರಿಗೆ ಮಾತ್ರ ಕೈಯಲ್ಲಿದ್ದ ಕತ್ತರಿ ಇದ್ದಕ್ಕಿದ್ದಂತೆ ಭಾರವಾಯಿತು.

ಅವನಿಗೆ ಛತ್ರಿ ಎಂಬ ಹೆಸರು ಬಿದ್ದದ್ದು ಹಾಲಿನ ಡೈರಿಯಲ್ಲಿ. ಅಲ್ಲಿ ತೂಕದ ಕೋಣೆಯ ಲೆಕ್ಕ ಅವನದು. ಬೆಳಗ್ಗೆ ಕ್ಯಾನುಗಳು ಸಾಲಾಗಿ ಬರುತ್ತವೆ, ಅವನು ತೂಕ ಓದುತ್ತಾನೆ, ಕೊಬ್ಬಿನಂಶ ನೋಡುತ್ತಾನೆ, ಚೀಟಿ ಹರಿದು ಕೊಡುತ್ತಾನೆ. ನೆತ್ತಿ ಸುಡುವ ಬೇಸಿಗೆಯಲ್ಲೂ ಅವನ ಕುರ್ಚಿಯ ಹಿಂದೆ ಒಂದು ಕಪ್ಪು ಛತ್ರಿ ನೇತಾಡುತ್ತಿತ್ತು. ಇವನನ್ನು ಹೀಗೇ ಬಿಟ್ಟರೆ ಆ ಛತ್ರಿಗೂ ಒಂದು ವಿಮೆ ಮಾಡಿಸ್ತಾನೆ ಎಂದು ಹಾಲಿನ ವ್ಯಾನಿನ ಡ್ರೈವರು ಒಂದು ದಿನ ಅಂದಿದ್ದೇ ಸಾಕಾಯಿತು. ಅವತ್ತಿನಿಂದ ಅವನ ಹೆಂಡತಿ ಕೂಡ ಸಿಟ್ಟು ಬಂದಾಗ ಅದೇ ಹೆಸರಲ್ಲಿ ಕರೆಯತೊಡಗಿದಳು. ಅವನಿಗೆ ಬೇಜಾರಿರಲಿಲ್ಲ. ಮಳೆ ಬಂದಾಗ ನಗುವವರೆಲ್ಲಾ ತನ್ನ ಛತ್ರಿಯ ಕೆಳಗೇ ನುಗ್ಗುತ್ತಾರೆ ಅನ್ನುವ ಒಂದು ಸಣ್ಣ ಜಂಬ ಒಳಗೊಳಗೇ ಇತ್ತು.

ಹೋದ ಬೇಸಿಗೆಯಲ್ಲಿ ಡೈರಿಯ ಮೇಲಿನ ಸಭಾಂಗಣದಲ್ಲಿ ಒಬ್ಬ ಅಧಿಕಾರಿಣಿ ಬಂದು ಭಾಷಣ ಮಾಡಿದ್ದರು. ಹೊಳೆ ಪಕ್ಕದಲ್ಲಿ ಹೊಲ, ದನ ಇಟ್ಟುಕೊಂಡವರು ನೀರು ಬಂದ ಮೇಲೆ ಕಾಗದಪತ್ರ, ದುಡ್ಡು ಹುಡುಕುತ್ತಾ ಕೂರಬಾರದು, ಬರುವ ಮೊದಲೇ ಎಲ್ಲಾ ಸಿದ್ಧವಾಗಿರಬೇಕು ಅಂದಿದ್ದರು. ಫ್ಯಾನಿನ ಕೆಳಗೆ ಅರ್ಧ ಜನ ನಿದ್ದೆ ಹೋಗಿದ್ದರು. ಛತ್ರಿ ಒಬ್ಬನೇ ಕಣ್ಣರಳಿಸಿಕೊಂಡು ಕೇಳಿದ. ಅವತ್ತೇ ಸಂಜೆಯಿಂದ ಮನೆಯಲ್ಲಿ ಕೆಲಸ ಶುರು. ಜಮೀನಿನ ಪತ್ರ, ಮಕ್ಕಳ ಸರ್ಟಿಫಿಕೇಟು, ಬ್ಯಾಂಕಿನ ಪುಸ್ತಕ ಎಲ್ಲದರ ನಕಲು ಮಾಡಿಸಿ ನೀರು ಹೋಗದ ಪೆಟ್ಟಿಗೆಯಲ್ಲಿ ತುಂಬಿದ. ಅದು ಗುಡ್ಡದ ಮೇಲಿನ ಅತ್ತೆಯ ಮನೆಯಲ್ಲಿ ಇರಬೇಕು ಅಂತ ತೀರ್ಮಾನವಾಯಿತು. ಬ್ಯಾಂಕು ಮುಚ್ಚಿದರೆ ಬೇಕಾಗುತ್ತದೆ ಎಂದು ಸಣ್ಣ ನೋಟುಗಳನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟ. ಹಾಲಿನ ದುಡ್ಡಿನಲ್ಲಿ ಒಂದು ಪಾಲು ಪ್ರತಿ ತಿಂಗಳೂ ಬೇರೆ ಖಾತೆಗೆ ಹೋಗಬೇಕು, ತಾನಿಲ್ಲದಿದ್ದರೂ ಹೆಂಡತಿ ತೆಗೆಯುವ ಹಾಗಿರಬೇಕು. ಬಿತ್ತನೆ ಬೀಜ, ಹಿಂಡಿ ಮೂಟೆ ಅಟ್ಟದ ಮೇಲೆ. ಜೋಳದ ಹೊಲಕ್ಕೆ ವಿಮೆ, ಮನೆಗೆ ವಿಮೆ.

ಆಮೇಲೆ ಮನೆಯಲ್ಲಿರುವ ಪ್ರತಿಯೊಂದು ಸಾಮಾನಿನ ಫೋಟೊ. ಹಾಳಾದ ಮೇಲೆ ಇತ್ತು ಅಂತ ಹೇಳಿದರೆ ಯಾರು ನಂಬುತ್ತಾರೆ? ಕಪಾಟಿನ ಬಾಗಿಲು ತೆರೆದು ದಿಂಬುಗಳ ಫೋಟೊ ತೆಗೆಯುವಾಗ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೊಲಿಗೆ ಯಂತ್ರದ ಸರದಿ ಬಂದಾಗ ಅಕ್ಕ ಅದರ ಮುಂದಿನಿಂದ ಏಳಲಿಲ್ಲ. ಯಾರದೋ ಅಂಗಿಗೆ ಕಾಲರು ಹಚ್ಚುತ್ತಿದ್ದಳು. ಫೋಟೊದಲ್ಲಿ ಅವಳೂ ಬಿದ್ದಳು.

"ನಂಗೂ ಒಂದು ಬೆಲೆ ಬರೆದುಬಿಡು. ಹಳೇ ಮಾಲು, ಕಮ್ಮಿ ಹಾಕು," ಅಂದಳು.

ಎಲ್ಲರೂ ನಕ್ಕರು. ಛತ್ರಿಯೂ ನಕ್ಕ.

ಅಕ್ಕನೆಂದರೆ ಆ ಮನೆಯ ನಡುಗಂಬ. ತಾಯಿ ಸತ್ತಾಗ ಅವನಿಗಿನ್ನೂ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ಅವಳೇ ಎತ್ತಿ ಆಡಿಸಿದಳು, ಶಾಲೆಗೆ ಕಳಿಸಿದಳು, ಮದುವೆ ಮಾಡಿಸಿದಳು, ತಾನು ಮಾತ್ರ ಯಾರ ಮನೆಗೂ ಹೋಗದೆ ಇಲ್ಲೇ ಉಳಿದಳು. ದನಗಳೆಲ್ಲಾ ಅವಳ ಕೈಯಲ್ಲಿ. ಹಾಲು ಅಳೆಯುವುದು ಛತ್ರಿಗೆ ಗೊತ್ತಿತ್ತೇ ಹೊರತು ಕರೆಯುವುದು ಗೊತ್ತಿರಲಿಲ್ಲ. ಅವನ ಹೆಂಡತಿ ಹಸುವಿನ ಬಾಲ ಕಂಡರೇ ಹಿಂದೆ ಸರಿಯುವವಳು. ಅಕ್ಕ ಕೂತರೆ ಕೊಟ್ಟಿಗೆ, ಎದ್ದರೆ ಖಾಲಿ ಚಪ್ಪರ. ಅವಳು ದನ ಕಟ್ಟುವ ರೀತಿಯೂ ಬೇರೆ. ಹಗ್ಗವನ್ನು ಅಡ್ಡಗಂಬಕ್ಕೆ ಸುತ್ತಿ, ತುದಿಯನ್ನು ಮಡಿಸಿ ಕುಣಿಕೆಯೊಳಗೆ ತೂರಿಸಿ ಬಿಡುವಳು. ಹಸು ಎಷ್ಟು ಜಗ್ಗಿದರೂ ಬಿಗಿಯಾಗುತ್ತದೆ, ಮನುಷ್ಯ ತುದಿ ಹಿಡಿದು ಒಮ್ಮೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಬೆಂಕಿಯೋ ಹಾವೋ ಬಂದರೆ ಗಂಟು ಬಿಡಿಸುತ್ತಾ ಕೂರುವುದಕ್ಕೆ ಪುರುಸೊತ್ತು ಎಲ್ಲಿರುತ್ತದೆ ಅನ್ನುವುದು ಅವಳ ಮಾತು. ಇದೊಂದೇ ಅವಳ ಮುನ್ನೆಚ್ಚರಿಕೆ. ಇದಕ್ಕೆ ಕಂತು ಕಟ್ಟಬೇಕಾಗಿರಲಿಲ್ಲ.

ದನಗಳ ವಿಮೆಯ ಮಾತು ಬಂದಾಗ ಛತ್ರಿ ಜಾಸ್ತಿ ಹಾಲು ಕೊಡುವ ನಾಲ್ಕಕ್ಕೆ ಮಾತ್ರ ಮಾಡಿಸೋಣ ಅಂದ. ಇನ್ನೂ ಕರು ಹಾಕದ ಕಡಸುಗಳಿಗೂ ಕರುಗಳಿಗೂ ಸೇರಿಸಿ ಕಟ್ಟುವಷ್ಟು ದುಡ್ಡು ಕೈಯಲ್ಲಿರಲಿಲ್ಲ. ವಿಮೆಯವನು ಬಂದು ನಾಲ್ಕರ ಕಿವಿಗೂ ಹಳದಿ ಬಿಲ್ಲೆ ಚುಚ್ಚಿ ಚಹಾ ಕುಡಿಯುತ್ತಿದ್ದಾಗ ಅಕ್ಕ ಒಳಗಿನಿಂದ ಬಂದು, ಗೊಣಗಿಗೂ ಹಾಕಿ ಅಂದಳು.

ಗೊಣಗಿ ಅವಳು ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ ಹಸು. ಕರೆಯಲು ಕೂತರೆ ಮೊದಲ ಹನಿಯಿಂದ ಕೊನೆಯ ಹನಿಯವರೆಗೆ ಗಂಟಲಲ್ಲೇ ಏನೋ ಗೊಣಗುತ್ತಲೇ ಇರುವುದು. ಅಕ್ಕನೂ ಅದಕ್ಕೆ ಸರಿಯಾಗಿ ಉತ್ತರ ಕೊಡುವಳು. ಹೊರಗಿನಿಂದ ಕೇಳಿದವರಿಗೆ ಒಳಗೆ ಇಬ್ಬರು ವಾರಗಿತ್ತಿಯರು ಕೂತಿದ್ದಾರೇನೋ ಅನ್ನಿಸಬೇಕು. ವಯಸ್ಸಾಗಿತ್ತು. ಇನ್ನೊಂದು ವರ್ಷ ಕಳೆದಿದ್ದರೆ ವಿಮೆಯವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಕಟ್ಟುವ ಕಂತಿನಷ್ಟೂ ಹಾಲು ಕೊಡುವುದಿಲ್ಲ ಅದು, ಸುಮ್ಮನೆ ದಂಡ ಎಂದು ಛತ್ರಿ ಹೇಳಿದ. ಅಕ್ಕ ಹೊಲಿಗೆಯ ದುಡ್ಡು ತಂದು ಮೇಜಿನ ಮೇಲಿಟ್ಟಳು.

"ಬಿಲ್ಲೆ ಹಾಕಿದ್ರೆ, ನೀರು ಬಂದಾಗ ಅವನ್ನ ಮೊದಲು ನೋಡ್ಕೋತೀವಲ್ಲ?" ಎಂದು ಕೇಳಿದಳು.

ಛತ್ರಿ ಆಗ ಅರ್ಜಿಯ ಯಾವುದೋ ಖಾನೆ ತುಂಬುತ್ತಿದ್ದ. ತಲೆಯೆತ್ತದೆ ಹೂಂ ಅಂದ. ವಿಮೆಯವನು ಗೊಣಗಿಯ ಕಿವಿ ಹಿಡಿದಾಗ ಅದು ಊರಿಗೇ ಕೇಳುವ ಹಾಗೆ ಬೈದುಕೊಂಡಿತು. ಅಕ್ಕ ಅದರ ಕತ್ತು ತಬ್ಬಿ, ಆಯ್ತು ಆಯ್ತು, ಇನ್ನು ನಿಂಗೇನೂ ಭಯ ಇಲ್ಲ ಅಂದಳು.

ಆ ಹೂಂ ಅವನಿಗೆ ಈಗ ಊಟದ ನಡುವೆ, ತೂಕದ ಮುಳ್ಳು ನೋಡುವಾಗ, ಹಲ್ಲುಜ್ಜುವಾಗ ಕೇಳಿಸುತ್ತದೆ.

ನೀರು ಬಂದದ್ದು ಮಧ್ಯಾಹ್ನ. ಮೇಲಿನ ಕಡೆ ಹೊಳೆಯ ಏರಿ ಒಡೆದಿದೆ ಎಂದು ಡೈರಿಯ ಸೈರನ್ನು ಕೂಗಿತು. ಛತ್ರಿಯ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಯಾರು ಏನು ಮಾಡಬೇಕೆಂದು ಮೊದಲೇ ನಿಶ್ಚಯವಾಗಿತ್ತು. ಹೆಂಡತಿ ಬಿಸ್ಕತ್ತಿನ ಡಬ್ಬ, ಅಕ್ಕ ಮಕ್ಕಳು, ಛತ್ರಿ ದನಗಳು. ಅಕ್ಕ ಗುಡ್ಡಕ್ಕೆ ಜನರನ್ನು ಸಾಗಿಸುತ್ತಿದ್ದ ವ್ಯಾನಿನ ಮೆಟ್ಟಿಲ ಮೇಲೆ ನಿಂತು, ಮಕ್ಕಳನ್ನು ಅವರಮ್ಮ ನೋಡಿಕೊಳ್ಳಲಿ, ನಾನು ಕೊಟ್ಟಿಗೆಗೆ ಹೋಗುತ್ತೇನೆ ಅಂದಳು. ಛತ್ರಿ ಕೇಳಲಿಲ್ಲ. ಒಬ್ಬೊಬ್ಬರೂ ತಮಗೆ ಹೇಳಿದ್ದು ಮಾಡಿದರೆ ಮಾತ್ರ ಎಲ್ಲಾ ಸರಿಹೋಗುತ್ತದೆ ಎಂದು ಹಟ ಹಿಡಿದ. ಕೊನೆಗೆ ಅವಳು ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಹಾಕಿ ಹೇಳಿದ್ದು ಒಂದೇ ಮಾತು. "ಗೊಣಗೀನ ಹಿಂದಿಂದ ತಳ್ಳಬೇಡ. ಮುಂದೆ ನಿಂತು ಕರಿ, ಬರುತ್ತೆ."

ಅದಕ್ಕೂ ಅವನು ಹೂಂ ಅಂದಿದ್ದ.

ಕೊಟ್ಟಿಗೆ ಉದ್ದಕ್ಕೆ, ಸುರಂಗದ ಹಾಗೆ. ಒಂದೇ ಬಾಗಿಲು, ನಡುವೆ ಒಂದೇ ಒಂದು ಓಣಿ. ಹಾಲಿನ ಕ್ಯಾನು ಹೊರಲು ಸುಲಭವಾಗಲಿ ಎಂದು ಕರೆಯುವ ಹಸುಗಳೆಲ್ಲಾ ಬಾಗಿಲ ಹತ್ತಿರ, ಎಲ್ಲಕ್ಕಿಂತ ಮುಂದೆ ಗೊಣಗಿ. ಕಡಸುಗಳು, ಕರುಗಳು ಹಿಂದುಗಡೆ. ಛತ್ರಿ ಒಳಗೆ ಕಾಲಿಟ್ಟಾಗ ನೀರು ಮೊಣಕಾಲಿಗಿತ್ತು. ಅವನ ಕೈ ಗೊಣಗಿಯ ಹಗ್ಗದ ಕಡೆ ಚಾಚಿತ್ತು ಕೂಡ. ಆಗ ತಲೆಯೊಳಗೆ ಯಾರೋ ತೂಕ ಓದಿದ ಹಾಗೆ ಒಂದು ಮಾತು ಬಂತು. ಇವಕ್ಕೆ ದುಡ್ಡು ಬರುತ್ತೆ, ಅವಕ್ಕೆ ಬರಲ್ಲ.

ಮುಂದಿನವನ್ನು ಬಿಚ್ಚಿದರೆ ಓಣಿ ತುಂಬಿಕೊಳ್ಳುತ್ತದೆ, ಇವು ಹೊರಗೆ ಹೋಗುವಷ್ಟರಲ್ಲಿ ಹಿಂದಿನವು ಮುಳುಗುತ್ತವೆ, ಮುಳುಗಿದರೆ ಪೂರ್ತಿ ನಷ್ಟ. ಲೆಕ್ಕ ಅಷ್ಟು ಚೆನ್ನಾಗಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು ಐದು ಹಳದಿ ಬಿಲ್ಲೆಗಳನ್ನು ದಾಟಿ ಒಳಗೆ ಹೋದ. ಹಿಂದಿನವನ್ನೆಲ್ಲಾ ಬಿಚ್ಚಿ, ಕರುಗಳನ್ನು ಬಗಲಲ್ಲಿ ಹಿಡಿದು, ಅದೇ ಐದರ ನಡುವೆ ಎಳೆದುಕೊಂಡು ಹೊರಗೆ ಬಂದ. ಗೊಣಗಿ ಅವನ ಹೆಗಲಿಗೆ ಮೂತಿ ತಾಗಿಸಿ ಏನೋ ಹೇಳಿತು. ಕಡಸುಗಳನ್ನು ಎತ್ತರದ ರಸ್ತೆಗೆ ಮುಟ್ಟಿಸಿ ಮರಳಿ ಬಂದಾಗ ನೀರು ಎದೆಗೆ ಬಂದಿತ್ತು. ಬಾಗಿಲಲ್ಲಿ ನಿಂತ. ಗೊಣಗಿಯ ಗಂಟು ಕೈಗೆಟುಕುವಷ್ಟು ಹತ್ತಿರವಿತ್ತು, ನೀರೊಳಗೆ ಮುಳುಗಿ ಎಳೆಯಬೇಕಿತ್ತು, ಅಷ್ಟೇ. ಅವನು ಎಳೆಯಲಿಲ್ಲ. ಜೀವಭಯ ಅಂತ ಯಾರಿಗಾದರೂ ಹೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಭಯ ಬಂದದ್ದು ಸುಳ್ಳೂ ಅಲ್ಲ. ಆದರೆ ಅದು ಆಮೇಲೆ ಬಂತು. ಲೆಕ್ಕ ಮೊದಲು ಬಂದಿತ್ತು, ಅದು ಅವನಿಗೊಬ್ಬನಿಗೆ ಗೊತ್ತಿತ್ತು.

ತನಗೊಬ್ಬನಿಗೇ ಎಂದು ಅವನು ಅಂದುಕೊಂಡಿದ್ದ.

ನೀರು ಇಳಿದ ಮೇಲೆ ಛತ್ರಿಯ ಹೆಸರು ದೊಡ್ಡದಾಯಿತು. ಉಳಿದವರು ಒದ್ದೆ ಕಾಗದಗಳನ್ನು ತಂತಿಯ ಮೇಲೆ ಒಣಹಾಕುತ್ತಿದ್ದಾಗ ಅವನ ಪೆಟ್ಟಿಗೆ ಗರಿಗರಿಯಾಗಿ ತೆರೆದುಕೊಂಡಿತು. ಬಿಸ್ಕತ್ತಿನ ಡಬ್ಬ ಎರಡು ಮನೆಗಳನ್ನು ಸಾಕಿತು. ಮನೆಯ ವಿಮೆ ಬಂತು, ಹೊಲದ್ದು ಬಂತು, ದನದ್ದೂ ಬಂತು. ಹೊಸ ಹೊಲಿಗೆ ಯಂತ್ರ ಬಂದು ಹಳೆಯದರ ಜಾಗದಲ್ಲೇ ಕೂತಿತು. ತೂಕದ ಕೋಣೆಯ ಮುಂದೆ ಈಗ ಹಾಲಿನ ಕ್ಯಾನಿಗಿಂತ ಜಾಸ್ತಿ ಅರ್ಜಿ ಹಿಡಿದವರು ನಿಲ್ಲುತ್ತಿದ್ದರು. ಎಲ್ಲಾ ದನ ಕಳೆದುಕೊಂಡಿದ್ದ ಹಾಲಿನ ವ್ಯಾನಿನ ಡ್ರೈವರು ಬಂದು, ನಿನ್ನ ಬುದ್ಧಿಯಲ್ಲಿ ಕಾಲುಭಾಗ ನನಗಿದ್ದಿದ್ದರೆ ಇವತ್ತು ಹೀಗೆ ನಿಲ್ಲುತ್ತಿರಲಿಲ್ಲ ಛತ್ರಿ ಅಂದು ಅವನ ಕೈ ಹಿಡಿದುಕೊಂಡ. ಡ್ರೈವರು ರಾತ್ರಿಯಿಡೀ ತನ್ನ ದನಗಳ ಜೊತೆ ನೀರಲ್ಲಿ ನಿಂತು, ಒಂದನ್ನೂ ಉಳಿಸಿಕೊಳ್ಳಲಾಗದೆ, ತಾನೊಬ್ಬನೇ ಬದುಕಿ ಬಂದಿದ್ದ. ಛತ್ರಿಗೆ ಆ ಕೈಯಿಂದ ತನ್ನ ಕೈ ಬಿಡಿಸಿಕೊಂಡರೆ ಸಾಕಾಗಿತ್ತು.

ಹೊಗಳಿಕೆ ಹೆಚ್ಚಿದಷ್ಟೂ ಅವನು ಮನೆಯಲ್ಲಿ ಗೋಡೆಗೆ ಅಂಟಿಕೊಂಡು ಓಡಾಡತೊಡಗಿದ. ಅಕ್ಕ ಜಗಳವಾಡಲಿಲ್ಲ. ಬಡಿಸುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಕೊಟ್ಟಿಗೆಗೆ ಮಾತ್ರ ಕಾಲಿಡಲಿಲ್ಲ. ಉಳಿದ ಕಡಸುಗಳಿಗೆ ಛತ್ರಿಯೇ ಅಂಜಿಕೊಂಡು ಹುಲ್ಲು ಹಾಕುತ್ತಿದ್ದ. ಅವು ಕರು ಹಾಕುವ ಕಾಲ ಹತ್ತಿರ ಬರುತ್ತಿತ್ತು. ಆಗ ಅಕ್ಕ ಹಾಲು ಕರೆಯಲು ಕೂರದಿದ್ದರೆ ದನಗಳನ್ನು ಮಾರಿ ಕೊಟ್ಟಿಗೆಗೆ ಬೀಗ ಹಾಕಬೇಕು. ಹೆಂಡತಿಗೆ ಆ ಚಿಂತೆ. ಛತ್ರಿಗೆ ಇದ್ದ ಚಿಂತೆಯೇ ಬೇರೆ. ಅಕ್ಕ ಇನ್ನು ತನ್ನ ಯಾವ ಹೂಂ ಅನ್ನೂ ನಂಬುವುದಿಲ್ಲ ಅನ್ನುವುದು.

ಡೈರಿಯ ಅದೇ ಸಭಾಂಗಣದಲ್ಲಿ ಅದೇ ಅಧಿಕಾರಿಣಿ ಇನ್ನೊಂದು ಸಭೆ ಕರೆದರು. ಈ ಸಲ ಯಾರೂ ನಿದ್ದೆ ಮಾಡಲಿಲ್ಲ, ಭಾಷಣ ಮಾಡಬೇಕಾದವನು ಛತ್ರಿ. ಮನೆಯವರೆಲ್ಲಾ ಬಂದಿದ್ದರು. ಅಕ್ಕ ಕೊನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತಿದ್ದಳು. ಅವನು ಪೆಟ್ಟಿಗೆಯ ವಿಷಯ ಹೇಳಿದ, ಫೋಟೊದ ವಿಷಯ ಹೇಳಿದ, ದಿಂಬಿನ ಮಾತಿಗೆ ಜನ ನಕ್ಕರು. ಮುಗಿಯಿತು ಅಂದುಕೊಂಡು ಕೂರಲು ಹೊರಟಾಗ ಮುಂದಿನ ಸಾಲಿನಿಂದ ಡ್ರೈವರು ಎದ್ದು ನಿಂತ.

"ಅದೆಲ್ಲಾ ಸರಿ. ನೀರು ಒಳಗೆ ಬಂದಾಗ ಯಾವ ದನ ಮೊದಲು ಬಿಚ್ಚಬೇಕು? ಅದು ಹೇಳು. ನಂಗೆ ಅವತ್ತು ಕೈಕಾಲೇ ಆಡಲಿಲ್ಲ."

ಛತ್ರಿ ಮೈಕಿನ ಕಂಬ ಹಿಡಿದುಕೊಂಡ. ಮೈಕು ಅವನ ಉಸಿರನ್ನು ಸಭಾಂಗಣದ ತುಂಬಾ ಹರಡಿತು.

"ಬಾಗಿಲ ಹತ್ತಿರ ಇರೋದನ್ನ," ಅಂದ.

ಎಲ್ಲರೂ ತಲೆಯಾಡಿಸಿದರು. ಇದಕ್ಕಿಂತ ಸರಿಯಾದ ಮಾತು ಇನ್ನೇನಿದೆ? ಚಪ್ಪಾಳೆ ಬಿತ್ತು. ಅಕ್ಕನೂ ಎರಡು ಸಲ ಕೈ ತಟ್ಟಿದ್ದು ಅವನಿಗೆ ಕಾಣಿಸಿತು.

ಮನೆಗೆ ಬಂದು ಅಕ್ಕ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಅವನು ಬಾಗಿಲಿಗೆ ಒರಗಿ ನಿಂತ. ಏನಾದರೂ ಹೇಳಬೇಕು ಅಂತ ಬಂದಿದ್ದ. ಅವಳೇ ಶುರು ಮಾಡಿದಳು. ಕೈ ನಿಲ್ಲಿಸಲಿಲ್ಲ.

"ಸರಿಯಾಗೇ ಹೇಳಿದೆ ಅವರಿಗೆ. ಬಾಗಿಲ ಹತ್ತಿರದ್ದು ಮೊದಲು."

"ಅಕ್ಕಾ, ನೀರು ಆಗಲೇ..."

"ಗಂಟು ನಾನು ಹಾಕಿದ್ದು ಕಣೋ. ಎಷ್ಟು ಹೊತ್ತು ಬೇಕು ಅಂತ ನಂಗೊತ್ತಿಲ್ವಾ? ಹಿಂದಿನವೆಲ್ಲಾ ಹೊರಗೆ ಬಂದವು, ಮುಂದಿನವು ಕಟ್ಟಿದಲ್ಲೇ ಇದ್ದವು. ದಾರಿ ಇರೋದು ಒಂದೇ." ಪಾತ್ರೆಯನ್ನು ಬೋರಲು ಹಾಕಿದಳು. "ಮೊದಮೊದಲು ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಂಡೆ. ಆಮೇಲೆ ನೀನು ಅವತ್ತು ಬಿಲ್ಲೆ ಕತ್ತರಿಸ್ತಿದ್ದೆಯಲ್ಲ, ಅದು ನೆನಪಾಯ್ತು. ಗೊಣಗೀದು ನಾನೇ ದುಡ್ಡು ಕೊಟ್ಟು ಹಾಕಿಸಿದ್ದು. ಹಾಕಿಸದೆ ಇದ್ದಿದ್ರೆ ಬಿಚ್ಚುತ್ತಿದ್ದೆ, ಅಲ್ವಾ?"

  ಅಕ್ಕ ಉತ್ತರಕ್ಕೆ ಕಾಯಲಿಲ್ಲ. ಕೈ ಒರೆಸಿಕೊಂಡು ದೀಪ ಆರಿಸಿದಳು. ಅವನು ಕತ್ತಲಲ್ಲಿ ಬಾಗಿಲಿಗೆ ಒರಗಿಕೊಂಡೇ ಇದ್ದ.

ಮರುದಿನದಿಂದ ಅವನು ಗೊಣಗಿಯಂಥ ಹಸು ಹುಡುಕಲು ಹೊರಟ. ಗೊಣಗಿಯ ಲೆಕ್ಕದಲ್ಲಿ ಬಂದ ಹಣವನ್ನು ಬೇರೆಯೇ ಇಟ್ಟಿದ್ದ. ಅದನ್ನು ಮುಟ್ಟಿದರೆ ಕೈ ಸುಡುತ್ತಿತ್ತು, ಮುಟ್ಟದಿದ್ದರೆ ನಿದ್ದೆ ಬರುತ್ತಿರಲಿಲ್ಲ. ಡೈರಿಗೆ ರಜೆ ಹಾಕಿ ಸಂತೆ ಸಂತೆ ಅಲೆದ. ದಲ್ಲಾಳಿಗಳು ಹಲ್ಲು ತೋರಿಸಿದರು, ಕೆಚ್ಚಲು ತೋರಿಸಿದರು. ಅವನು ಹಸುವಿನ ಬಾಯಿಗೆ ಕಿವಿ ಕೊಟ್ಟು ನಿಲ್ಲುತ್ತಿದ್ದ. ಏನು ಕೇಳಿಸಿಕೊಳ್ಳುತ್ತಿದ್ದೀಯಪ್ಪಾ, ಅದೇನು ಹಾಡು ಹೇಳುತ್ತಾ ಎಂದು ಒಬ್ಬ ದಲ್ಲಾಳಿ ರೇಗಿಸಿದ. ಕೊನೆಗೆ ಒಂದು ಕಡೆ, ಕಂದು ಬಣ್ಣದ್ದು, ಎಳೇ ಪ್ರಾಯದ್ದು, ಮುಟ್ಟಿದ ಕೂಡಲೇ ಗಂಟಲಲ್ಲಿ ಸಣ್ಣಗೆ ಗೊಣಗಿತು. ಚೌಕಾಸಿ ಮಾಡದೆ ಕೇಳಿದಷ್ಟು ಕೊಟ್ಟು ಹಿಡಿದುಕೊಂಡು ಬಂದ. ದಾರಿಯುದ್ದಕ್ಕೂ ಅದರ ಮುಂದೆ ನಡೆದು ಕರೆದ, ಒಮ್ಮೆಯೂ ಹಿಂದಿನಿಂದ ತಳ್ಳಲಿಲ್ಲ.

ಅಂಗಳಕ್ಕೆ ಬಂದಾಗ ಇಳಿಬಿಸಿಲು. ಅಕ್ಕ ಹೊಲಿಗೆ ಯಂತ್ರವನ್ನು ಬಾಗಿಲ ಬೆಳಕಿಗೆ ಎಳೆದುಕೊಂಡು ಕೂತಿದ್ದಳು. ಹೆಂಡತಿ ಮಕ್ಕಳು ಹಸು ನೋಡಲು ಓಡಿಬಂದರು. ಅವನು ಎಲ್ಲರನ್ನೂ ದಾಟಿ ಮೆಟ್ಟಿಲ ಬಳಿ ನಿಂತು ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಮುಂದೆ ಚಾಚಿದ.

"ಅಕ್ಕಾ, ಇದು ನಿಂಗೆ. ಕಿವಿ ನೋಡು, ಬಿಲ್ಲೆ ಇಲ್ಲ. ಹಾಕಿಸೋದೂ ಇಲ್ಲ."

ಅಕ್ಕ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. ಹಸುವಿನ ಕಿವಿ ನೋಡಿದಳು, ಎರಡೂ ಖಾಲಿ. ಅದರ ಕತ್ತಿನ ಕೆಳಗೆ ಬೆವರು ಒಣಗಿ ಬೆಳ್ಳಗಾಗಿತ್ತು. ಹಸು ಮೂತಿ ಚಾಚಿ ಗೊಣಗಿತು. ಅಕ್ಕನ ತುಟಿ ಉತ್ತರ ಕೊಡಲೋ ಎಂಬಂತೆ ಒಂದಿಷ್ಟು ಅಲುಗಾಡಿತು. ಹಗ್ಗ ಛತ್ರಿಯ ಅಂಗೈಗಳ ಮೇಲೆ ಹಾಗೇ ಇತ್ತು.

"ಬಿಲ್ಲೆ ಇದ್ರೂ ಇಲ್ದಿದ್ರೂ, ನಾಳೆ ನೀರು ಬಂದ್ರೆ ಬಾಗಿಲಲ್ಲಿ ನಿಲ್ಲೋನು ನೀನೇ," ಅಂದಳು.

"ಅಕ್ಕಾ, ತಗೋ."

"ಬೇಡ."